ಮೊದಲ ಕಾಯಿ ಯಾರ ಗಾಡಿಗೆ?

‘ಅಣ್ಣಾರ, ಈ ಗಾಡಿ ಇನ್ನೊಮ್ಮೆ ಪಾಸ್ ಆತಂದ್ರ ನಾ ಮೀಸಿ ಬೋಳಸ್ತೇನಿ.’

ಹೀಗೆ ಹೇಳಿದವನು ಮಹಾಂತೇಶ. ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. (ಅವನಿಗೆ ಮೀಸೆಯೇ ಇಲ್ಲ. ಕಳಕೊಳ್ಳೋದು ಏನೂ ಇಲ್ಲದ ಕಡೆಯೇ ಪಣ ಕಟ್ಟೋದು ಅವನ ಸ್ವಭಾವ.)

ಹೇಳಿದ್ದು ಮುಂಡಗೋಡದ ನಮ್ಮ ಅತ್ತೆ ಮನೆಯ ಪಡಸಾಲೆಯಲ್ಲಿ. ಎಲ್ಲರ ಕೈಯಲ್ಲೂ ಚುರುಮುರಿ ಸುಸಲಾದ ಪ್ಲೇಟು, ನಡುವೆ ಬಿಸಿ ಮಿರ್ಚಿ. ಅಂದರೆ ಮನೆಮಂದಿಯೆಲ್ಲ ಹಾಜರಿದ್ದರು. ಎಲ್ಲರೂ ನಕ್ಕರು. ನನ್ನ ಹೆಂಡತಿ ಸಾವಿತ್ರಿಯೂ ನಕ್ಕಳು. ಅವನ ಮಾತಿಗಿಂತ ಅವಳ ನಗು ಹೆಚ್ಚು ಚುಚ್ಚಿತು.

ಗಾಡಿ ಅಂದರೆ ನನ್ನ ನೂರೈವತ್ತು ಸಿಸಿಯ ಸ್ಪೋರ್ಟ್ಸ್ ಬೈಕು. ಕೆಲಸ ಸಿಕ್ಕ ಹೊಸದರಲ್ಲಿ ಕೊಂಡದ್ದು. ಆಗ ಹಳಿಯಾಳದ ಪೇಟೆಯಲ್ಲಿ ನಿಲ್ಲಿಸಿದರೆ ಜನ ಸುತ್ತ ನಿಂತು ನೋಡುತ್ತಿದ್ದರು. ಈಗ ಅದೇ ಜಾಗದಲ್ಲಿ ನಿಲ್ಲಿಸಿದರೆ, ‘ಸರ, ಮಾರಾಕ ಇಟ್ಟೀರೇನ್ರಿ?’ ಅಂತ ಕೇಳುತ್ತಾರೆ.

ನಿಮಗೆ ಗೊತ್ತಿರಬಹುದು, ಬೈಕಿನ ನೋಂದಣಿಗೆ ಹದಿನೈದು ವರ್ಷ ಆಯುಷ್ಯ. ಅದು ಮುಗಿದ ಮೇಲೆ ಗಾಡಿಯನ್ನು ಆರ್‌ಟಿಒ ಆಫೀಸಿಗೆ ಒಯ್ದು ತೋರಿಸಬೇಕು. ಇನ್‌ಸ್ಪೆಕ್ಟರು ಹೂಂ ಅಂದರೆ ಮತ್ತೆ ಸರ್ಟಿಫಿಕೇಟು. ಊಹೂಂ ಅಂದರೆ ಗುಜರಿ. ನನ್ನ ಗಾಡಿಯ ಆಯುಷ್ಯ ಈ ಸಲ ದಸರೆಗೆ ಸ್ವಲ್ಪ ಮುಂಚೆ ಮುಗಿಯುವುದಿತ್ತು.

ದಸರೆಗೂ ಸರ್ಟಿಫಿಕೇಟಿಗೂ ಏನು ಸಂಬಂಧ ಅಂತೀರಾ? ನಮ್ಮ ಅತ್ತೆ ಮನೆಯಲ್ಲಿ ಸಂಬಂಧ ಇದೆ.

ನಮ್ಮ ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ದಸರೆಯ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬೇರೆಯವರು ದೇವರ ಮುಂದೆ ಕುಡಗೋಲು, ಕೊಡಲಿ ಇಟ್ಟರೆ, ಇವರ ಮನೆಯಲ್ಲಿ ಗಾಡಿಯ ಕಾಗದ ಇಡಬೇಕು. ಗಾಡಿ ಬಾಗಿಲಲ್ಲಿ, ಕಾಗದ ದೇವರ ಜಗಲಿಯ ಮೇಲೆ. ಕಾಗದ ನೆಟ್ಟಗಿಲ್ಲದ ಗಾಡಿಗೆ ಕಾಯಿ ಒಡೆಯುವ ಹಾಗಿಲ್ಲ. ಮಾವ ತೀರಿಕೊಂಡರು, ಅವರ ಕಾಯಿದೆ ತೀರಲಿಲ್ಲ. ಈಗ ಅದನ್ನು ಅತ್ತೆ ನಡೆಸುತ್ತಾರೆ. ಮೊದಲ ಕಾಯಿ ಹಿರಿಯ ಅಳಿಯನ ಗಾಡಿಗೆ. ಆಮೇಲೆ ಉಳಿದವರದು.

ಹಿರಿಯ ಅಳಿಯ ನಾನು. ಮಹಾಂತೇಶನ ಎದುರು ನನಗೆ ಇರುವ ಒಂದೇ ಹಿರಿತನ ಇದು. ಗಾಡಿ ಪಾಸ್ ಆಗದಿದ್ದರೆ ಮೊದಲ ಕಾಯಿ ಅವನದಕ್ಕೆ. ನಾನು ಬಸ್ಸಿನಲ್ಲಿ ಹೋಗಿ, ಕೈ ಕಟ್ಟಿಕೊಂಡು ನಿಂತು, ಅವನ ಗಾಡಿಗೆ ಒಡೆದ ಕಾಯಿಯ ಕೊಬ್ಬರಿ ತಿನ್ನಬೇಕು.

ನನಗೆ ಆ ಕೊಬ್ಬರಿ ಇಳಿಯುತ್ತದೆಯೇ? ನಿಮಗಾದರೂ ಇಳಿಯುತ್ತಿತ್ತೇ?

ಹೌದು, ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ವಾರವಾರ ಓದುವ ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ?

ನನ್ನ ಅಪ್ಪ ದಾಂಡೇಲಿಯ ನಾಟಾ ಡಿಪೋದಲ್ಲಿ ಹಮಾಲ. ಕಾಡಿನಿಂದ ಬಂದ ದಿಮ್ಮಿಗಳಿಗೆ ಹೆಗಲು ಕೊಟ್ಟು ಲಾರಿಗೆ ಏರಿಸುವುದು ಅವನ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡ ಮೊದಲನೆಯವನು ನಾನು. ‘ಹಮಾಲನ ಮಗಾ ಬಿ.ಎ. ಮುಗಸತಾನಂತ!’ ಅಂತ ಓಣಿಯ ನಳದ ಕಟ್ಟೆಯೇ ನಕ್ಕಿತ್ತು. ಮುಗಿಸಿದೆ. ರಜೆಯಲ್ಲಿ ಅದೇ ಡಿಪೋದಲ್ಲಿ ದುಡಿದು ಎಂ.ಎ.ನೂ ಮುಗಿಸಿದೆ. ಈಗ ಹಳಿಯಾಳದ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ‘ಆಗೂದಿಲ್ಲ’ ಅಂತ ಹೇಳಿಸಿಕೊಳ್ಳೋದರಲ್ಲಿ ನನಗೆ ಒಳ್ಳೆಯ ಸರ್ವಿಸ್ ಇದೆ.

ಮಹಾಂತೇಶನ ಮನೆಯಲ್ಲಿ ಅಜ್ಜನೂ ಗ್ರಾಜುಯೇಟು, ಅಪ್ಪನೂ ಗ್ರಾಜುಯೇಟು. ಅವರಿಗೆ ಡಿಗ್ರಿ ಅಂದರೆ ಮನೆಯ ಉಪ್ಪಿನಕಾಯಿ. ಹಂಗಾಮು ಬಂದಾಗ ಭರಣಿ ತಾನೇ ತುಂಬುತ್ತದೆ. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ನಾನು ಗಾಜಿನ ಫ್ರೇಮ್ ಹಾಕಿಸಿದ್ದೇನೆ. ಅವನದು ಎಲ್ಲಿದೆ ಅಂತ ಕೇಳಿದರೆ, ‘ಎಲ್ಲೋ ಕಪಾಟಿನ್ಯಾಗ ಇರಬೇಕ್ರಿ’ ಅನ್ನುತ್ತಾನೆ.

ಆ ‘ಎಲ್ಲೋ’ ಇದೆಯಲ್ಲ, ಅದರ ಮೇಲೆ ನನಗೆ ಹೊಟ್ಟೆಕಿಚ್ಚು.

ಒಂದು ವಿಚಿತ್ರ ಗಮನಿಸಿದ್ದೀರಾ? ಸ್ವಂತ ವಿಮಾನ ಇಟ್ಟುಕೊಂಡವರ ಮೇಲೆ ನಮಗೆ ಏನೂ ಅನಿಸೋದಿಲ್ಲ. ಪೇಪರಿನಲ್ಲಿ ಫೋಟೋ ನೋಡಿ, ಪುಟ ತಿರುವಿ, ಅದರ ಮೇಲೇ ಚುರುಮುರಿ ಹಾಕಿಕೊಂಡು ತಿನ್ನುತ್ತೇವೆ. ಹೊಟ್ಟೆ ಉರಿಯೋದು ಪಕ್ಕದ ಮನೆಗೆ ಹೊಸ ಟೈಲ್ಸ್ ಬಂದಾಗ. ಜೊತೆಗೆ ಕೆಲಸ ಮಾಡುವವನ ಮಗಳಿಗೆ ನಮ್ಮ ಮಗಳಿಗಿಂತ ಒಂದೇ ಒಂದು ಮಾರ್ಕು ಜಾಸ್ತಿ ಬಂದಾಗ. ನಮ್ಮದೇ ತಟ್ಟೆಯಿಂದ ಮಿರ್ಚಿ ಎತ್ತಿಕೊಳ್ಳುವವನು ಹೊಸ ಬೈಕು ತಂದಾಗ.

ಅವನು ತಂದ. ಹೋದ ವರ್ಷ.

ನನ್ನದರ ಎರಡರಷ್ಟು ಸಿಸಿ. ಬಣ್ಣ ಹಸಿರು, ಎಂಥ ಹಸಿರು ಅಂದರೆ ಅದರ ಮುಂದೆ ಕಾಡೂ ಮಾಸಿದ ಹಾಗೆ ಕಾಣಬೇಕು. ಅವನ ಹುಬ್ಬಳ್ಳಿಯ ಟೈಲ್ಸ್ ಅಂಗಡಿಯ ಮುಂದೆ ಅದನ್ನು ನಿಲ್ಲಿಸಿದರೆ ಗಿರಾಕಿಗಳು ಟೈಲ್ಸ್ ಬಿಟ್ಟು ಅದನ್ನೇ ನೋಡುತ್ತಾರಂತೆ. (ಹೇಳಿದವನು ಅವನೇ.)

ಮಳೆ ನಿಂತ ಮೇಲೆ ಒಂದು ಭಾನುವಾರ ಎರಡೂ ಸಂಸಾರ ಎರಡು ಬೈಕಿನಲ್ಲಿ ಜೋಯಿಡಾ ಕಡೆ ಹೊರಟೆವು. ದಾಂಡೇಲಿ ದಾಟುವವರೆಗೆ ನಾನೇ ಮುಂದೆ. ಗಣೇಶಗುಡಿಯ ನಂತರ ಏರು ಶುರುವಾಯಿತು ನೋಡಿ, ನನ್ನ ಗಾಡಿ ಕೆಮ್ಮತೊಡಗಿತು. ಹಿಂದೆ ಸಾವಿತ್ರಿ. ಮೂರನೇ ಗೇರು, ಎರಡನೇ ಗೇರು, ಆಮೇಲೆ ಒಂದನೇ ಗೇರು. ‘ಇಳೀಲೇನ್ರಿ?’ ಅಂದಳು. ಪ್ರೀತಿಯಿಂದಲೇ ಕೇಳಿದ್ದು. ಆದರೂ ಗಂಡಸಿಗೆ ಕೇಳಬಾರದ ಪ್ರಶ್ನೆಗಳಲ್ಲಿ ಅದೂ ಒಂದು.

ಅಷ್ಟರಲ್ಲಿ ಪಕ್ಕದಿಂದ ಹಸಿರು ಬಣ್ಣ ಸುಯ್ಯನೆ ಹೋಯಿತು. ಮುಂದೆ ಚಹದ ಅಂಗಡಿ ತಲುಪಿದಾಗ ಅವನು ಹೆಲ್ಮೆಟ್ ತೆಗೆದು, ತಲೆ ಬಾಚಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

‘ಬರ್ರಿ ಅಣ್ಣಾರ. ನಿಮ್ಮ ಚಾ ಆರಿ ಹೋತು. ಇನ್ನೊಂದ ಹೇಳ್ಲಿ?’

ಆ ಚಹ ನಾನು ಕುಡಿದೆ. ಆರಿದ್ದನ್ನೇ ಕುಡಿದೆ.

ಮರುದಿನದಿಂದ ನಮ್ಮ ಅಂಗಳ ಗ್ಯಾರೇಜು ಆಯಿತು. ಮೆಕ್ಯಾನಿಕ್ ಹತ್ತಿರ ಒಯ್ಯಬಹುದಿತ್ತು. ಒಯ್ಯಲಿಲ್ಲ. ಓದಿದವನು ನಾನು, ಓದಿ ಕಲಿಯುತ್ತೇನೆ ಅಂತ ಹಟ. ಯೂಟ್ಯೂಬ್ ಹಚ್ಚಿಟ್ಟುಕೊಂಡು ಕಾರ್ಬ್ಯುರೇಟರ್ ಬಿಚ್ಚಿದೆ. ಒಳಗಿನ ಹಿತ್ತಾಳೆ ಜೆಟ್ಟಿನ ಸೂಜಿತೂತು ಕಟ್ಟಿಕೊಂಡಿತ್ತು. ವಯರಿನ ಒಂದೇ ಎಳೆ ತೂರಿಸಿ ಬಿಡಿಸಿದೆ. ಏರ್ ಫಿಲ್ಟರ್ ಹೊಸದು ಹಾಕಿದೆ. ಕ್ಲಚ್ ಪ್ಲೇಟು ಬದಲಿಸಿದೆ. ಚೈನಿಗೆ ಡೀಸೆಲ್ ಹಚ್ಚಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಒಂದೊಂದೇ ಕೊಂಡಿ ತಿಕ್ಕಿದೆ.

‘ನನ್ನ ಪರಾತದಾಗ ಏನ್ರಿ ಅದು?’ ಸಾವಿತ್ರಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು.

‘ಕಾರ್ಬ್ಯುರೇಟರು.’

‘ನಾಳೆ ಅದರಾಗ ಹಿಟ್ಟ ನಾದಬೇಕು ನಾನು!’

‘ತೊಳೀತೇನಿ ಬಿಡ.’

‘ನೀವು ತೊಳದದ್ದು ಕಂಡೇನಿ. ಹೊಸಾದ ತರ್ರಿ.’

ಗಾಡಿ ಸುಧಾರಿಸಿತು. ಮೊದಲ ಕಿಕ್ಕಿಗೇ ಸ್ಟಾರ್ಟು. ದಾಂಡೇಲಿ ರಸ್ತೆಯ ಕಾಡಿನ ತಿರುವುಗಳಲ್ಲಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅಲ್ಲವೇ? ರಿಪೇರಿ ಮುಗಿಯುತ್ತದೆ. ಹೊಟ್ಟೆಕಿಚ್ಚು ಮುಗಿಯುತ್ತದೆಯೇ?

ಅವನ ಗಾಡಿಗೆ ಎಲ್ಇಡಿ ಲೈಟು. ನಾನೂ ಹಾಕಿಸಿದೆ. ಎದುರು ಬಂದ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದ. ಅವನದಕ್ಕೆ ಹಿಂದೆ ದಪ್ಪ ಟೈರು. ನಾನೂ ಹಾಕಿದೆ. ಅದು ಚೈನ್ ಕವರಿಗೆ ತಾಗಿ ದಾರಿಯುದ್ದ ಕಿರುಗುಟ್ಟಿತು. ಅವನದಕ್ಕೆ ಬಗ್ಗಿ ಹಿಡಿಯುವ ಹ್ಯಾಂಡಲ್. ನಾನೂ ಹಾಕಿದೆ. ಬೆನ್ನು ನೋವು ಬಂತು. ಅವನ ಗಾಡಿಯ ದನಿ ಗಡಸು. ನಾನು ಹಳೇ ಸೈಲೆನ್ಸರ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿ, ಹೊಸದು ಕೂಡಿಸಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು ಹೇಳಿದರು: ‘ಸರ, ಇನ್ನ ಮ್ಯಾಲೆ ಬೆಲ್ ಹೊಡಿಯೂದು ಬ್ಯಾಡ್ರಿ. ನೀವು ಮನಿ ಬಿಟ್ಟಿದ್ದು ಇಲ್ಲೇ ಕೇಳತೈತಿ.’

ಪಾಸಿಂಗ್ ಹತ್ತಿರ ಬಂತು. ದಾಂಡೇಲಿಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಇಮ್ತಿಯಾಜ್ ಭಾಯಿ ಹತ್ತಿರ ಬ್ರೇಕ್ ಪ್ಯಾಡ್ ತರಲು ಹೋದೆ. ಅವರು ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

‘ಸರ್, ಪಾಸಿಂಗಿಗೆ ಹಿಂಗ ಹೋಗಾವ್ರೇನು?’

‘ಯಾಕ ಭಾಯಿ?’

‘ಗಾಡಿ ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗ ಬೇಕು ಅವ್ರಿಗೆ. ಇದು ಗಾಡಿ ಇಲ್ಲ ಸರ್, ಮದಲಗಿತ್ತಿ ಆಗೈತಿ.’

ಬಿಚ್ಚಿದೆ. ಅಸೂಯೆಯಿಂದ ಹಾಕಿದ್ದನ್ನೆಲ್ಲ ಸ್ಪ್ಯಾನರ್ ಹಿಡಿದು ಒಂದೊಂದಾಗಿ ಬಿಚ್ಚಿದೆ. ಅಟ್ಟದ ಮೇಲಿನ ಸೈಲೆನ್ಸರ್ ಇಳಿಸಿ ತೊಳೆದು ಹಾಕಿದೆ. ಎಲ್ಲ ಮುಗಿದಾಗ ಗಾಡಿ ತೀರ ಬಡವಾಗಿ ಕಂಡಿತು. ಬಣ್ಣವಾದರೂ ಹೊಸದಿರಲಿ ಅಂತ ಫ್ರೇಮಿಗೆಲ್ಲ ಕಪ್ಪು ಪೇಂಟು ಬಳಿದೆ. ಒಂದು ಕೈ ಅಲ್ಲ, ಮೇಲೆ ಮೇಲೆ ಬಳಿದೆ. ಹ್ಯಾಂಡಲ್ ಕೆಳಗೆ ಫ್ರೇಮಿನ ಕೊರಳಿನ ಹತ್ತಿರ ಏನೋ ದಡ್ಡು ದಡ್ಡಾಗಿತ್ತು. ಅಲ್ಲಿ ಇನ್ನಷ್ಟು ಬಳಿದೆ.

ಆರ್‌ಟಿಒ ಆಫೀಸಿನಲ್ಲಿ ಇನ್‌ಸ್ಪೆಕ್ಟರು ಬ್ರೇಕು ನೋಡಿದರು. ಲೈಟು, ಹಾರನ್ನು ನೋಡಿದರು. ಎಂಜಿನ್ ದನಿ ಕೇಳಿ, ‘ಛಲೋ ಇಟ್ಟೀರಿ’ ಅಂದರು. ನನ್ನ ಎದೆ ಉಬ್ಬಿತು. ಆಮೇಲೆ ಅವರು ಒಂದು ತೆಳು ಕಾಗದ ತೆಗೆದು ಗಾಡಿಯ ಕೊರಳಿಗೆ ಒತ್ತಿ ಹಿಡಿದು, ಮೇಲೆ ಪೆನ್ಸಿಲ್ ಉಜ್ಜಿದರು. ಅಲ್ಲಿ ಚಾಸಿ ನಂಬರ್ ಕೊರೆದಿರುತ್ತದೆ. ಕಾಗದದ ಮೇಲೆ ಅದು ಮೂಡಬೇಕು.

ಮೂಡಲಿಲ್ಲ. ಬರೀ ಕಪ್ಪು ಮಸಿ.

‘ಎಲ್ಲೈತ್ರಿ ನಂಬರು?’

‘ಅಲ್ಲೇ ಇರಬೇಕ್ರಿ ಸರ್, ಪೇಂಟಿನ ಬುಡಕ.’

‘ಬುಡಕ ಇದ್ರ ಮ್ಯಾಲೆ ತರ್ರಿ. ನಂಬರ್ ಇಲ್ದ ಗಾಡಿ ಪಾಸ್ ಮಾಡಾಕ ಬರಂಗಿಲ್ಲ. ಗ್ರೈಂಡರ್ ಹಚ್ಚಬ್ಯಾಡ್ರಿ ಮತ್ತ. ನಂಬರ್ ಅಳಿಸಿ ಹೋತಂದ್ರ ಕಳುವಿನ ಗಾಡಿ ಅನ್ನೂದ ಆಕ್ಕೈತಿ.’

ಖಂಡೇ ಪೂಜೆಗೆ ವಾರ ಉಳಿದಿತ್ತು. ಮತ್ತೊಂದು ತಾರೀಕು ಕೊಟ್ಟರು, ಪೂಜೆಯ ಹಿಂದಿನ ದಿನದ್ದು. ಅದೇ ಕಡೆಯದು.

ಸಾವಿತ್ರಿ ಈ ಸುದ್ದಿಯನ್ನು ತಂಗಿಗೆ ಹೇಳಿದಳು. ತಂಗಿ ಗಂಡನಿಗೆ ಹೇಳಿದಳು. (ಅಕ್ಕತಂಗಿಯರ ನಡುವೆ ಮಾತು ಓಡುವ ವೇಗಕ್ಕೆ ಯಾವ ಬೈಕೂ ಸಾಟಿ ಇಲ್ಲ.) ಸಂಜೆಗೆ ಮಹಾಂತೇಶನ ಫೋನು.

‘ಅಣ್ಣಾರ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಬಸ್ಸಿಗೆ ಯಾಕ ಬರ್ತೀರಿ? ನಾ ಹಳಿಯಾಳಕ್ಕ ಬಂದ ಕರಕೊಂಡ ಹೊಕ್ಕೇನಿ. ನನ್ನ ಹಿಂದ ಕುಂದರ್ರಿ.’

ಅವನ ಹಿಂದೆ! ಆ ಹಸಿರು ಗಾಡಿಯ ಮೇಲೆ! ಮುಂಡಗೋಡದ ಪೇಟೆಯೆಲ್ಲ ನೋಡುವಂತೆ, ಹಿರಿಯ ಅಳಿಯ, ಕಿರಿಯ ಅಳಿಯನ ಭುಜ ಹಿಡಿದುಕೊಂಡು!

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ನಿಜವಾಗಿಯೂ ಕರುಣೆ ಇತ್ತು.

ಫೋನ್ ಇಟ್ಟವನೇ ಥಿನ್ನರ್, ಬಟ್ಟೆ ಹಿಡಿದು ಕೊರಳ ಹತ್ತಿರ ಕೂತೆ. ನನ್ನ ಪೇಂಟು ಬೇಗ ಬಿಟ್ಟಿತು. ಅದರ ಕೆಳಗೆ ಮತ್ತೇನೋ ಇತ್ತು. ಕಲ್ಲಿನ ಹಾಗೆ ಗಟ್ಟಿ. ಬಣ್ಣ ಕರಿಗೆಂಪು. ಉಗುರಿನಿಂದ ಕೆರೆದು ಮೂಸಿ ನೋಡಿದೆ. ಎಣ್ಣೆಯ ವಾಸನೆ. ಎಲ್ಲೋ ಮೂಸಿದ್ದೇನೆ ಅನಿಸಿತು. ಎಲ್ಲಿ? ದೇವರ ಜಗಲಿಯ ಮುಂದೆ!

ಅತ್ತೆಗೆ ಫೋನ್ ಹಚ್ಚಿದೆ.

‘ಅತ್ತಿ, ಖಂಡೇ ಪೂಜಿಗೆ ನಮ್ಮ ಗಾಡಿಗೆ ಕುಂಕುಮ ಎಲ್ಲಿ ಹಚ್ಚತಿದ್ರಿ ನೀವು?’

‘ಕೊಳ್ಳಾಗ್ರಿ ಅಳಿಯಾರ. ಎತ್ತಿಗೆ ಎಲ್ಲಿ ಹಚ್ಚತಾರ? ಹಂಗ.’

‘ಬರೇ ಕುಂಕುಮ?’

‘ಬರೇ ಕುಂಕುಮ ನಿಂದರತೈತೇನ್ರಿ? ಕೊಬ್ರಿ ಎಣ್ಣ್ಯಾಗ ಕಲಸಿ, ಬೆರಳಿಲೆ ಒತ್ತಿ ಒತ್ತಿ ತುಂಬತಿದ್ದೆ. ಅಲ್ಲಿ ಗೀರ ಗೀರ ಅದಾವಲ್ಲ, ಛಲೋ ಹಿಡಕೋತೈತಿ. ಮುಂದಿನ ದಸರಾತನ ಹೋಗಬಾರ್ದು ನೋಡ್ರಿ.’

ಹೋಗಿರಲಿಲ್ಲ. ಯಾವ ದಸರೆಯದೂ ಹೋಗಿರಲಿಲ್ಲ. ಚಾಸಿ ನಂಬರಿನ ಒಂದೊಂದು ಅಂಕಿಯೊಳಗೂ ಅತ್ತೆ ವರ್ಷವರ್ಷ ಕುಂಕುಮ ತುಂಬಿದ್ದರು. ಅದರ ಅಡಿಯಲ್ಲಿ ಮಳೆಗಾಲದ ತೇವ ನಿಂತು ತುಕ್ಕು. ಅದರ ಮೇಲೆ ಎಂ.ಎ. ಓದಿದ ಅಳಿಯನ ಪೇಂಟು.

‘ಮತ್ತ ಮಹಾಂತೇಶನ ಗಾಡಿಗೂ ಹಂಗ ಹಚ್ಚತೀರೇನು?’ (ಈ ಪ್ರಶ್ನೆ ಬೇಕಿರಲಿಲ್ಲ. ಬಾಯಿ ಕೇಳಲಿಲ್ಲ.)

‘ಎಲ್ಲಿ ಹಚ್ಚಗೊಡತಾನ್ರಿ ಅವ? ಅತ್ತಿ, ಪೇಂಟ್ ಹೊಕ್ಕೈತಿ, ಮುಟ್ಟಬ್ಯಾಡ್ರಿ ಅಂತಾನ. ಗಾಲಿಗೊಂದ ಬೊಟ್ಟ ಇಟ್ಟ ಬಿಡ್ತೇನಿ. ಭಾಳ ಚಾಲಾಕ ಅದಾನ ನಮ್ಮ ಮಹಾಂತೇಶ.’

ನೋಡಿದಿರಾ? ನಾನು ‘ಅಳಿಯಾರು’. ಅವನು ‘ನಮ್ಮ ಮಹಾಂತೇಶ’. ನನಗೆ ಗೌರವ, ಅವನಿಗೆ ಸಲಿಗೆ. ಕುಂಕುಮವೆಲ್ಲ ನನ್ನ ಗಾಡಿಗೆ, ಹೊಗಳಿಕೆಯೆಲ್ಲ ಅವನಿಗೆ. ಇಷ್ಟು ವರ್ಷ ಒತ್ತಿ ಒತ್ತಿ ತುಂಬಿಸಿಕೊಂಡವನು ನಾನು ಅಂತ ಒಂದು ಗಳಿಗೆ ಸಮಾಧಾನ ಆಯಿತು. ಸುಳ್ಳೇಕೆ? ಆ ಗಳಿಗೆ ಬಹಳ ಹೊತ್ತು ಇರಲಿಲ್ಲ.

‘ಈಗ ಅದನ್ನ ತೆಗಿಯೂದು ಹೆಂಗ್ರಿ ಅತ್ತಿ?’

‘ಅಯ್ಯ, ಅದಕ್ಯಾಕ ಚಿಂತಿ? ಹುಣಸಿಹಣ್ಣ ನೆನಸಿ, ಗಟ್ಟಿ ಕಿವಿಚಿ ಹಚ್ಚಿ ಇಡ್ರಿ. ದೇವರ ಸಾಮಾನ ತಿಕ್ಕಿದಂಗ ನಾರಿಲೆ ತಿಕ್ರಿ.’

ಹುಣಸೆಹಣ್ಣು ಹಚ್ಚಿದೆ. ತೆಂಗಿನ ನಾರು ಹಿಡಿದು ತಿಕ್ಕಿದೆ. ಸಾವಿತ್ರಿ ಸ್ವಲ್ಪ ಹೊತ್ತು ನೋಡಿದಳು.

‘ಸರೀರಿ ಅತ್ಲಾಗ. ಒಂದ ತಂಬಿಗಿನರ ತಿಕ್ಕಿ ಗೊತ್ತೇನ ನಿಮಗ?’

ಸೀರೆಯ ಸೆರಗು ಸಿಗಿಸಿ ಕೂತಳು. ದಿನಾ ಸಂಜೆ ಇದೇ ಕೆಲಸ. ನಾನು ಹುಣಸೆಹಣ್ಣು ಕಿವುಚುವುದು, ಅವಳು ತಿಕ್ಕುವುದು. ಓಣಿಯವರು ಬಂದು ನೋಡಿ ಹೋದರು. ‘ಗಾಡಿಗೆ ಸಾರ ಮಾಡಾಕತ್ತೀರೇನ್ರಿ?’ ಅಂತ ಒಬ್ಬರು ಕೇಳಿದರು. ಮೊದಲು ಒಂದು ಸೊನ್ನೆ ಕಂಡಿತು. ಆಮೇಲೆ ಅದರ ಪಕ್ಕದ ಅಕ್ಷರ. ನಂಬರು ಒಂದೊಂದೇ ಮೇಲೆ ಬಂತು. ಕೊನೆಯ ಅಂಕಿ ಮಾತ್ರ ಸತಾಯಿಸಿತು. ಗಾಡಿಯ ಕಾಗದದಲ್ಲಿ ಎಂಟು, ಇಲ್ಲಿ ಕಂಡದ್ದು ಮೂರು. ಪಾಸಿಂಗಿನ ಹಿಂದಿನ ದಿನದ ಸಂಜೆಯವರೆಗೂ ಅದು ಎಂಟಾಗಲಿಲ್ಲ. ಸಾವಿತ್ರಿ ಹುಣಸೆಹಣ್ಣಿನ ಮುದ್ದೆಯನ್ನು ಅದೊಂದರ ಮೇಲೇ ಮೆತ್ತಿ, ಬಟ್ಟೆ ಕಟ್ಟಿ ಬಿಟ್ಟಳು. ಬೆಳಿಗ್ಗೆ ಬಿಚ್ಚಿದರೆ ದುಂಡನೆಯ ಎಂಟು.

ಇನ್‌ಸ್ಪೆಕ್ಟರು ಕಾಗದ ಒತ್ತಿದರು. ಪೆನ್ಸಿಲ್ ಉಜ್ಜಿದರು. ನಂಬರು ಪೂರ್ತಿ ಮೂಡಿತು. ಆದರೂ ಅವರು ಬಗ್ಗಿ ಮೂಗು ಎಳೆದರು.

‘ಏನ್ರಿ ಇದು, ಅಡಗಿಮನಿ ವಾಸನಿ ಬರತೈತಿ?’

‘ಮನಿಯಾಗ ಮಾಡಿದ್ದ್ರಿ ಸರ್,’ ಅಂದೆ.

ಪಾಸ್!

ಸರ್ಟಿಫಿಕೇಟು ಕೈಗೆ ಬಂತು. ಡಿಗ್ರಿಯದು ಕೈಗೆ ಬಂದ ದಿನ ನನ್ನ ಅಪ್ಪ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ್ದ. ಓದಲಿಕ್ಕೆ ಬರುತ್ತಿರಲಿಲ್ಲ, ಬರುವವನ ಹಾಗೆ ತಲೆ ಆಡಿಸಿದ್ದ. ಆರ್‌ಟಿಒ ಆಫೀಸಿನ ಮರದ ಕೆಳಗೆ ನಿಂತು ನಾನೂ ಹಾಗೇ ತಲೆ ಆಡಿಸಿದೆ.

ಮರುದಿನ ಸಾವಿತ್ರಿಯನ್ನು ಹಿಂದೆ ಕೂಡಿಸಿಕೊಂಡು ಕಲಘಟಗಿ ಮೇಲಿಂದ ಮುಂಡಗೋಡಕ್ಕೆ ಹೊರಟೆ. ಗಾಡಿ ಎಲ್ಲಿಯೂ ಕೆಮ್ಮಲಿಲ್ಲ. ಅತ್ತೆ ಮನೆಯ ಬಾಗಿಲಲ್ಲಿ ಹಸಿರು ಗಾಡಿ ಆಗಲೇ ನಿಂತಿತ್ತು. ಸರಿಯಾಗಿ ನಡುವೆ. ಸುಮ್ಮನೆ ಹಾರನ್ ಹೊಡೆದೆ. ಮಹಾಂತೇಶ ಹೊರಗೆ ಬಂದ. ನನ್ನನ್ನು ನೋಡಿದ. ಗಾಡಿಯನ್ನು ನೋಡಿದ. ತನ್ನದನ್ನು ಪಕ್ಕಕ್ಕೆ ತಳ್ಳಿ ಜಾಗ ಬಿಟ್ಟ. ಆ ಭಾರದ ಗಾಡಿ ತಳ್ಳುವಾಗ ಅವನ ಮುಖ ಕೆಂಪಾದದ್ದನ್ನು ನಾನು ತೃಪ್ತಿಯಾಗಿ ನೋಡಿದೆ.

‘ಅಣ್ಣಾರ, ಖರೇನ ಪಾಸ್ ಆತೇನ್ರಿ?’ ಅಂದ. ದನಿಯಲ್ಲಿ ಈ ಸಲ ಕರುಣೆ ಇರಲಿಲ್ಲ. ಸಿಹಿ ಅನಿಸಿತು.

ಸರ್ಟಿಫಿಕೇಟು ಅತ್ತೆಯ ಕೈಗೆ ಕೊಟ್ಟೆ. ಅವರು ಕಣ್ಣಿಗೆ ಒತ್ತಿಕೊಂಡು ಜಗಲಿಯ ಮೇಲೆ, ಎಲ್ಲ ಕಾಗದಗಳಿಗಿಂತ ಮುಂದೆ ಇಟ್ಟರು. ಆರತಿ ಆಯಿತು. ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದಾಗ ನಾನು ಅಡ್ಡ ನಿಂತು, ‘ಅತ್ತಿ, ಈ ಸಲ ಗಾಲಿಗೆ ಸಾಕ್ರಿ’ ಅಂದೆ. ಮೊದಲ ಕಾಯಿ ನನ್ನ ಗಾಡಿಯ ಮುಂದೆ ಒಡೆಯಿತು. ಎರಡು ಹೋಳು, ಸರಿಯಾಗಿ ನಡುವೆ. ನೀರು ಸಿಡಿದು ಮಹಾಂತೇಶನ ಹೊಸ ಪ್ಯಾಂಟಿನ ಮೇಲೂ ಬಿತ್ತು.

ಜಗತ್ತಿನಲ್ಲಿ ನ್ಯಾಯ ಇದೆ ಅನಿಸಿತು.

ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಅತ್ತೆ ಜಗಲಿಯಿಂದ ನನ್ನ ಸರ್ಟಿಫಿಕೇಟು ತೆಗೆದು, ಚಾಳೀಸು ಕನ್ನಡಕ ಏರಿಸಿಕೊಂಡು, ಬೆರಳಿಟ್ಟು ನಿಧಾನಕ್ಕೆ ಓದಿದರು. ಮೂಲೆಗೊಂದು ಅರಿಷಿಣದ ಬೊಟ್ಟು ಇಟ್ಟರು. ಮನೆಮಂದಿಯೆಲ್ಲ ನೋಡುತ್ತಿದ್ದಂತೆ ಎರಡೂ ಕೈಯಿಂದ ನನಗೆ ಕೊಟ್ಟರು. ನಾನು ಎದ್ದು ನಿಂತು, ಘಟಿಕೋತ್ಸವದಲ್ಲಿ ನಿಂತ ಹಾಗೆ, ಎರಡೂ ಕೈಯಿಂದ ತೆಗೆದುಕೊಂಡೆ.

‘ಛಲೋ ಆತ ಬಿಡ್ರಿ ಅಳಿಯಾರ, ಐದು ವರ್ಷಕ್ಕರ ಕೊಟ್ಟಾರ,’ ಅಂದರು ಅತ್ತೆ. ‘ನಮ್ಮ ಮಹಾಂತೇಶಂದಕ್ಕ ಹದಿನೈದು ಕೊಟ್ಟಾರಂತ.’